ಕೊನೇ ತೂಬಿನ ಉಡಿ

“ಯಕ್ಕಾ, ನಿನ್ನ ಫೋಟೊ ಹೊರದೇಶದ ಪುಸ್ತಕದಾಗ ಬಂದೈತಿ. ಸುಳ್ಳಲ್ಲ ಬೇ, ಖರೇನ. ಮೊದಲನೇ ಹಾಳ್ಯಾಗ ನೀನು, ನಿನ್ನ ಹಿಂದಿನ ಹಾಳ್ಯಾಗ ಮಂತ್ರಿ.”

ಗದ್ದೆಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ತಂಗಿ ಕರೆಮ್ಮ ಸಿಂಧನೂರಿನ ಹಾಸ್ಟೆಲ್ಲಿನಲ್ಲಿದ್ದು ಕಾಲೇಜು ಓದುವವಳು. ಅವಳು ಊರಿಗೆ ಬಂದಾಗಲೆಲ್ಲ ಮೊದಲು ಸುದ್ದಿ ಮನೆಯೊಳಗೆ ಬರುತ್ತದೆ, ಆಮೇಲೆ ಅವಳು ಬರುತ್ತಾಳೆ.

“ಚಪ್ಪಲಿ ಬಿಟ್ಟು ಬಾ ಮೊದಲ.”

“ಚಪ್ಪಲಿ ಹಾಳಾಗಿ ಹೋಗ್ಲಿ. ನೋಡಿಲ್ಲೆ.”

ತೆಳ್ಳನೆ ಪುಸ್ತಕ, ನುಣುಪಾದ ಕಾಗದ, ರಟ್ಟಿನ ಮೇಲೆ ಕಾಲುವೆಗೆ ಸಾಲ ಕೊಟ್ಟ ಹೊರದೇಶದ ಬ್ಯಾಂಕಿನ ಹೆಸರು. ಅದರಲ್ಲಿ ಗದ್ದೆಮ್ಮ ಕಾಲುವೆಯ ದಂಡೆಯಲ್ಲಿ ಮೊಣಕಾಲೂರಿ ಕೂತಿದ್ದಳು. ಹಸಿರು ಸೀರೆ, ಕೈಯಲ್ಲಿ ಮೊರ. ಮೊರದಲ್ಲಿ ಕುಬಸದ ಖಣ, ಬಳೆ, ಅರಿಶಿಣ, ಕುಂಕುಮ, ಕೊಬ್ಬರಿ ಬಟ್ಟಲು, ಅಕ್ಕಿ. ಮುಂದೆ ದಂಡೆ ಮುಟ್ಟಿ ಹರಿಯುವ ನೀರು. ಗದ್ದೆಮ್ಮ ಬಾಯಿ ತುಂಬ ನಗುತ್ತಿದ್ದಳು. ತಾನು ಹಾಗೆ ನಕ್ಕದ್ದು ಅವಳಿಗೇ ಮರೆತುಹೋಗಿತ್ತು.

“ಕೆಳಗ ಏನ್ ಬರದಾರ?”

“‘ಕಾಲುವೆಯ ಕಟ್ಟಕಡೆಯ ಹೊಲದ ರೈತ ಮಹಿಳೆ ನೀರಿಗೆ ಕೃತಜ್ಞತೆ ಸಲ್ಲಿಸುತ್ತಿರುವುದು’ ಅಂತ. ಹೆಸರು ಮಾತ್ರ ಹಾಕಿಲ್ಲ ನೋಡು, ಕಳ್ಳರು. ಸಿಂಧನೂರಾಗ ಇಸ್ಮಾಯಿಲ್‌ಸಾಬ್‌ರ ಸ್ಟುಡಿಯೊದಾಗ ಗಾಜಿನೊಳಗ ಇಟ್ಟಿದ್ರು. ನಾನ ತೆಗೆದ ಫೋಟೊ ಅಂತ ಹೋಗೋರಿಗೆ ಬರೋರಿಗೆ ತೋರಸಾಕತ್ತಿದ್ರು. ಕಾಡಿ ಬೇಡಿ ಇಸಗೊಂಡು ಬಂದೆ.”

ರೊಟ್ಟಿ ಹೆಂಚಿನ ಮೇಲೆ ಹೊತ್ತಿತು. ಗದ್ದೆಮ್ಮ ಅದನ್ನು ತಿರುವಿ ಹಾಕಲಿಲ್ಲ.

ಅವರ ಊರು ಕರೇದಿನ್ನಿ, ಮಸ್ಕಿಗೂ ಸಿಂಧನೂರಿಗೂ ನಡುವೆ, ಉಪಕಾಲುವೆಯ ಬಾಲದ ತುದಿಯಲ್ಲಿ. ಅಲ್ಲಿ ಹಿರಿಯರು ಮಾಡಿಟ್ಟ ಒಂದು ಕಟ್ಟಳೆ ಇತ್ತು. ವರ್ಷದ ಮೊದಲ ನೀರು ಬಂದಾಗ ಊರಿನ ಮೇಲುಗಡೆ ಹೊಲದವರು ಯಾರೂ ತಮ್ಮ ತೂಬು ತೆಗೆಯುವಂತಿಲ್ಲ. ನೀರು ಎಲ್ಲರನ್ನೂ ದಾಟಿ ಕೊನೆಯ ತೂಬಿಗೆ ಮುಟ್ಟಬೇಕು. ಆ ಹೊಲದ ಹೆಣ್ಣುಮಗಳು ನಾಲ್ವರು ಮುತ್ತೈದೆಯರ ಜೊತೆ ಹೋಗಿ ಗಂಗಮ್ಮನಿಗೆ ಉಡಿ ತುಂಬಿ ಕೂಗು ಹಾಕಬೇಕು. ಆ ಕೂಗು ಹೊಲದಿಂದ ಹೊಲಕ್ಕೆ ಏರಿ ಹೋದ ಮೇಲೆಯೇ ಉಳಿದವರು ತಮ್ಮ ಹೊಲಕ್ಕೆ ನೀರು ತಿರುವಿಕೊಳ್ಳುವುದು. ಕೊನೆಯ ಹೊಲ ಗದ್ದೆಮ್ಮನ ಗಂಡ ದುರುಗಪ್ಪನದು. ಮದುವೆಯಾಗಿ ಬಂದಾಗಿನಿಂದ ಉಡಿ ತುಂಬುವ ಹಕ್ಕು ಅವಳದು.

ಆಮೇಲೆ ಹೊರದೇಶದ ಬ್ಯಾಂಕಿನ ಸಾಲ ಬಂತು. ಕಾಲುವೆಗೆ ಹೊಸ ಗೇಟು ಕೂಡಿಸುವ ಸಾಲ. ಗೇಟು ಮಾತ್ರ ಅದೇ ದೇಶದ ಕಂಪನಿಯದೇ ಆಗಬೇಕು ಎಂಬುದು ಕರಾರು. ಆ ಕಂಪನಿಗೆ ಇಲ್ಲಿಯ ಪಾಲುದಾರ ಮಂತ್ರಿಯ ಅಳಿಯ. ಹಳೇ ಗೇಟಿನ ಚಕ್ರವನ್ನು ಗ್ಯಾಂಗ್‌ಮನ್ ದಸ್ತಗೀರ್‌ಸಾಬ್ ಕೈಯಿಂದ ತಿರುಗಿಸುತ್ತಿದ್ದ. ಹೊಸದರ ಬೀಗದಕೈ ಸಿಂಧನೂರಿನಲ್ಲಿದ್ದ ಕಂಪನಿಯ ಆಫೀಸಿಗೆ ಹೋಯಿತು. ನೀರು ಬಿಡಿ ಎಂದು ಕೇಳಲು ಹೋದರೆ ಎಂಜಿನಿಯರು ಕಂಪನಿಯವರನ್ನು ಕೇಳಿ ಎನ್ನುತ್ತಿದ್ದ, ಕಂಪನಿಯವರು ಬ್ಯಾಂಕಿನವರನ್ನು ಕೇಳಬೇಕು ಎನ್ನುತ್ತಿದ್ದರು. ತಕರಾರು ಎತ್ತಿದ ಒಬ್ಬ ಎಂಜಿನಿಯರಿಗೆ ಬೀದರಿಗೆ ವರ್ಗವಾಯಿತು. ಅಷ್ಟರಲ್ಲಿ ಕಾಲುವೆಯ ಮೇಲ್ಭಾಗದ ಎರೆಹೊಲಗಳನ್ನು ಅಳಿಯನ ಕಡೆಯವರು ಕೊಂಡು, ಕಾಲುವೆಗೇ ದೊಡ್ಡ ದೊಡ್ಡ ಪಂಪು ಇಳಿಬಿಟ್ಟರು. ಇದೆಲ್ಲ ಯಾರಿಗೂ ಗುಟ್ಟಾಗಿರಲಿಲ್ಲ. ಮಸ್ಕಿಯ ಚಹಾದಂಗಡಿಯಲ್ಲಿ ಮಕ್ಕಳೂ ಮಾತಾಡುತ್ತಿದ್ದ ವಿಷಯ.

ಕರೇದಿನ್ನಿಗೆ ನೀರು ನಿಂತುಹೋಯಿತು. ಹೋದ ವರ್ಷ ಶ್ರಾವಣದ ಒಂದು ಬೆಳಿಗ್ಗೆ ಮಾತ್ರ ಇದ್ದಕ್ಕಿದ್ದಂತೆ ದಂಡೆ ಮುಟ್ಟಿ ಬಂತು. ಗದ್ದೆಮ್ಮ ಮೊರ ಹಿಡಿದು ಓಡಿದಳು. ದಂಡೆಯ ಮೇಲೆ ಜೀಪುಗಳು, ಟೊಪ್ಪಿಗೆ ಹಾಕಿದ ಬಿಳಿ ಸಾಹೇಬರು, ಕ್ಯಾಮೆರಾ ಹಿಡಿದ ಇಸ್ಮಾಯಿಲ್‌ಸಾಬ್. ಇವರೆಲ್ಲ ಯಾಕೆ ಬಂದಿದ್ದಾರೆ ಎಂದು ಯಾರೂ ಕೇಳಲಿಲ್ಲ. ಉಡಿ ತುಂಬಿಸಿಕೊಂಡ ಗಂಗಮ್ಮ ಹಿಂದಕ್ಕೆ ಹೋಗುವುದಿಲ್ಲ ಎಂಬುದು ಕರೇದಿನ್ನಿಯ ನಂಬಿಕೆ. ಕೂಗು ಕೇಳಿದ ಊರಿಗೆ ಊರೇ ಮಧ್ಯಾಹ್ನ ಸಸಿ ಹಚ್ಚಲು ಗದ್ದೆಗೆ ಇಳಿಯಿತು. ಮರುದಿನ ಕಾಲುವೆಯ ತಳದ ಕೆಸರಲ್ಲಿ ಮೀನು ಒದ್ದಾಡುತ್ತಿದ್ದವು.

ಈ ವರ್ಷವೂ ನೀರಿಲ್ಲ. ಹೋದ ವಾರ ದುರುಗಪ್ಪ ಹಾರೆ ತೆಗೆದುಕೊಂಡು ಹೋಗಿ ಹೊಸ ಗೇಟು ಮುರಿದ. ಮುರಿಯುವಾಗ ಅವನ ಬಲಗೈ ಗೇಟಿನ ಹಲ್ಲಿಗೆ ಸಿಕ್ಕಿತು. ಕಂಪನಿಯವರು ಮರುದಿನವೇ ಗೇಟು ಸರಿಮಾಡಿ ಮುಚ್ಚಿದರು. ಅವನು ಸರ್ಕಾರಿ ಆಸ್ತಿ ಹಾಳು ಮಾಡಿದ ಕೇಸಾಗಿ ಈಗ ಲಿಂಗಸುಗೂರಿನ ಜೈಲಿನಲ್ಲಿದ್ದ. ಇವತ್ತು ಅವನ ಜಾಮೀನಿನ ಅರ್ಜಿ ಕೋರ್ಟಿನ ಮುಂದೆ ಬರುವುದಿತ್ತು. ನಾಳೆ ಬ್ಯಾಂಕಿನ ಬಿಳಿ ಸಾಹೇಬರು ಮತ್ತೆ ಕಾಲುವೆ ನೋಡಲು ಬರುವವರಿದ್ದರು. ಹೆಂಗಸರೆಲ್ಲ ಖಾಲಿ ಕೊಡ ಹಿಡಿದು, ಬೆಳಿಗ್ಗೆ ಎಂಟಕ್ಕೆ ಕೊನೆಯ ತೂಬಿನ ಹತ್ತಿರ ರಸ್ತೆಗೆ ಅಡ್ಡ ಕೂರುವುದೆಂದು ಗದ್ದೆಮ್ಮನೇ ಮನೆಮನೆಗೆ ಹೋಗಿ ಹೇಳಿ ಬಂದಿದ್ದಳು.

“ಚಲೋ ಆತಲ್ಲ ಬೇ,” ಎಂದಳು ಕರೆಮ್ಮ. “ನಾಳೆ ಸಾಹೇಬರು ನಿನ್ನ ಗುರ್ತು ಹಿಡೀತಾರ. ಪುಸ್ತಕದಾಗಿನ ಹೆಣ್ಮಗಳು ಖಾಲಿ ಕೊಡ ಹಿಡಕೊಂಡು ರಸ್ತಾದಾಗ ಕುಂತ್ರ ಅವರ ಮಾರಿ ಹೆಂಗಾಗಬೇಡ? ನಾ ಇಂಗ್ಲಿಷಿನ್ಯಾಗ ಹೇಳ್ತೀನಿ. ಎರಡು ವಾಕ್ಯ ಬಾಯಿಪಾಠ ಮಾಡೀನಿ.”

ಪಕ್ಕದ ಮನೆಯ ಗಿರಿಯಮ್ಮ ಕೊಡವೊಂದನ್ನು ಸೊಂಟದ ಮೇಲಿಟ್ಟುಕೊಂಡು ಒಳಗೆ ಬಂದಳು. “ಗದ್ದೆವ್ವ, ನಮ್ಮ ಕೊಡ ಸೋರ್ತೈತಿ. ನಾಳೆ ನಡೀತೈತೇನು?”

“ನೀರ ಇಲ್ಲಂದಮ್ಯಾಲ ಸೋರಿದ್ರೇನು, ಬಿಟ್ರೇನು.”

ಗಿರಿಯಮ್ಮ ನಕ್ಕು ಕೊಡವನ್ನು ಅಂಗಳದ ಸಾಲಿಗೆ ಸೇರಿಸಿ ಹೋದಳು.

ಅಕ್ಕ ತಂಗಿ ಮಸ್ಕಿಯ ಮೇಲೆ ಹಾದು ಲಿಂಗಸುಗೂರು ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ದಾರಿಯುದ್ದಕ್ಕೂ ಕರೆಮ್ಮ ಪುಸ್ತಕವನ್ನು ಬಸ್ಸಿನವರಿಗೆಲ್ಲ ತೋರಿಸುತ್ತಾ ಬಂದಳು. ಒಬ್ಬ ಮುದುಕ ಗದ್ದೆಮ್ಮನಿಗೆ ಸೀಟು ಬಿಟ್ಟುಕೊಟ್ಟ.

ಅವರ ವಕೀಲ ಆದಪ್ಪ ಕೋರ್ಟಿನ ಬೇವಿನ ಮರದ ಕೆಳಗೆ ಸಿಕ್ಕ. ಕರೆಮ್ಮ ಪುಸ್ತಕ ಚಾಚಿದಾಗ ಅವನು ಅದನ್ನು ಮುಟ್ಟಲಿಲ್ಲ. ಬಗಲಿನ ಫೈಲು ಬಿಚ್ಚಿ ಅಂಥದೇ ಇನ್ನೊಂದನ್ನು ತೋರಿಸಿದ.

“ಸರ್ಕಾರಿ ವಕೀಲರು ಬೆಳಿಗ್ಗೆನ ಹಾಜರ ಮಾಡ್ಯಾರಮ್ಮ. ಜಾಮೀನು ಸಿಗಲಿಲ್ಲ.”

“ಯಾಕ್ರಿ?”

“ಆ ಊರಿಗೆ ನೀರು ಮುಟ್ಟೈತಿ, ಇವ ಬರೇ ಸೊಕ್ಕಿಗೆ ಗೇಟು ಮುರದಾನ ಅಂತ ಅವರ ವಾದ. ನೀರು ಮುಟ್ಟಿದ್ದಕ್ಕ ಸಾಕ್ಷಿ ಯಾರು ಅಂದ್ರ, ಆರೋಪಿ ಹೆಂಡ್ತಿನ.”

“ನಾ ಸಾಕ್ಷಿ ಹೇಳಿಲ್ಲರಿ.”

“ಹೇಳೋದು ಬ್ಯಾಡವಾ. ನಕ್ಕೀಯಲ್ಲ, ಅಷ್ಟ ಸಾಕಾತು.”

“ಒಂದ ದಿನ ಬಂತು, ಮರುದಿನ ಹೋತು ಅಂತ ಹೇಳಬೇಕಿತ್ರಿ,” ಎಂದಳು ಗದ್ದೆಮ್ಮ.

“ಹೇಳಿದೆ. ಒಂದು ದಿನದ ನೀರಿಗೆ ಯಾರರ ಉಡಿ ತುಂಬ್ತಾರೇನು ಅಂತ ಜಡ್ಜ್ ಸಾಹೇಬರು ಕೇಳಿದ್ರು.”

“ನಾವು ತುಂಬ್ತೀವ್ರಿ.”

“ಅದು ನನಗೂ ಗೊತ್ತೈತಿ ತಾಯಿ. ಮರುದಿನ ಒಣಗಿದ್ದು ಯಾರಾದ್ರೂ ಫೋಟೊ ತೆಗದಾರೇನು?”

“ಇಸ್ಮಾಯಿಲ್‌ಸಾಬ್ ತೆಗದಿದ್ರಂತ,” ಎಂದಳು ಕರೆಮ್ಮ. ಅವಳ ದನಿ ಇಳಿದಿತ್ತು. “ಆದ್ರ ರೀಲ ಕಂಪನಿಯವರು ಒಯ್ದಾರ. ನಾಳೆ ಫೋಟೊ ತೆಗೆಯೋದೂ ಇಸ್ಮಾಯಿಲ್‌ಸಾಬ್‌ರಿಗೇ ಹೇಳ್ಯಾರಂತ. ಹೊಸ ಕ್ಯಾಮೆರಾ ಕೊಡಿಸ್ಯಾರ.”

ಆದಪ್ಪ ಫೈಲಿಗೆ ದಾರ ಕಟ್ಟಿದ. “ಮುಂದಿನ ತಾರೀಖಿಗೆ ನೋಡೂಣು,” ಎಂದು ಇನ್ನೊಂದು ಕೇಸಿಗೆ ಒಳಗೆ ಹೋದ.

ಜೈಲಿನ ಸರಳಿನ ಆಚೆ ದುರುಗಪ್ಪ ಬಲಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡು ನಿಂತಿದ್ದ. ಮುಖ ಜ್ವರಕ್ಕೆ ಕೆಂಪಾಗಿತ್ತು. ಆದರೂ ಹೆಂಡತಿಯನ್ನು ಕಂಡು ನಗಾಡಿದ.

“ಇಲ್ಲೆ ಚಲೋ ಐತಿ ನೋಡು. ನಳ ತಿರುವಿದ್ರ ನೀರು ಬರ್ತೈತಿ. ಯಾವ ಸಾಹೇಬನ್ನೂ ಕೇಳೂದು ಬ್ಯಾಡ.”

“ಕೈ ತೋರಸು.”

“ಕೈಗೇನಾಗೈತಿ? ಕೊಡ ಎಷ್ಟು ಕೂಡಿದ್ವು?”

“ಊರಾಗಿನವೆಲ್ಲ ಬಂದಾವ. ಕೈ ತೋರಸು ಅಂದ್ನೆಲ್ಲ.”

“ಹಂಗಾರ ನಾಳೆ ಸಾಹೇಬರ ಕಾರು ನಿಲ್ತೈತಿ ಬಿಡು. ನಾ ಗೇಟು ಮುರದದ್ದು ಯಾಕಂತ ಅವರಿಗೆ ತಿಳಿಯೂದು ನಾಳೇನ. ಅದೊಂದು ಆಗಲಿ.” ಅವನು ಟವೆಲನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡ. ಸರಳಿನ ಈಚೆಗೂ ಕೊಳೆತ ವಾಸನೆ ಬರುತ್ತಿತ್ತು. ಮಾವ ಎಂದರೆ ಸದಾ ಚೇಷ್ಟೆ ಮಾಡುವ ಕರೆಮ್ಮ ಮೂಗಿಗೆ ಸೆರಗು ಹಿಡಿಯಲೂ ನಾಚಿ, ಉಸಿರು ಬಿಗಿಹಿಡಿದು ನಿಂತಿದ್ದಳು.

ಹೊರಗೆ ಬರುವಾಗ ಕಾವಲಿನ ಪೊಲೀಸ ಮೆಲ್ಲಗೆ ಹೇಳಿದ. “ಬೆರಳು ಕಪ್ಪಾಗ್ಯಾವ ಅಕ್ಕಾ. ರಾಯಚೂರಿಗೆ ಒಯ್ಯಿರಿ, ತಡಾ ಮಾಡಿದ್ರ ಮುಂಗೈತನಕ ತೆಗೀಬೇಕಾಗ್ತೈತಿ ಅಂತ ಡಾಕ್ಟರ್ ಹೇಳ್ಯಾರ. ಒಯ್ಯಾಕ ಜತಿಗೆ ಪೊಲೀಸರು ಬೇಕು. ಇದ್ದವರೆಲ್ಲ ನಾಳಿನ ಬಂದೋಬಸ್ತಿಗೆ ಹೋಗ್ಯಾರ. ಕಾರ್ಯಕ್ರಮ ಮುಗದಮ್ಯಾಲನ.”

ತಿರುಗಿ ಬರುವಾಗ ಮಸ್ಕಿಯಲ್ಲಿ ಬಸ್ಸು ಬದಲಿಸಬೇಕಿತ್ತು. ನಿಲ್ದಾಣದ ಎದುರಿನ ಎಸ್‌ಟಿಡಿ ಬೂತಿನಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿಯ ವೆಂಕೋಬ ಹೊರಬಂದ. ಆ ಸೀಮೆಗೆಲ್ಲ ಮಂತ್ರಿಯ ಮನುಷ್ಯ ಅವನು. ಗದ್ದೆಮ್ಮನ ತವರೂರಾದ ತುರ್ವಿಹಾಳದವನು. ಸಣ್ಣವಳಿದ್ದಾಗ ಅವಳನ್ನು ಹೆಗಲ ಮೇಲೆ ಹೊತ್ತವನು.

“ನಿನ್ನ ಹಾದೀನ ಕಾಯಾಕತ್ತಿದ್ದೆ ತಂಗಿ. ಬಾ, ಚಾ ಕುಡಿ.”

“ಚಾ ಬ್ಯಾಡಣ್ಣ. ಏನು ಹೇಳು.”

“ಜಾಮೀನು ಆಗಲಿಲ್ಲಂತಲ್ಲ.”

“ಊರಿಗೆ ಗೊತ್ತಾಗೂ ಮೊದಲ ನಿನಗ ಗೊತ್ತಾಗೈತಿ.”

ವೆಂಕೋಬ ಬೇಸರಪಟ್ಟುಕೊಳ್ಳಲಿಲ್ಲ. ಚಹಾದಂಗಡಿಯ ಬೆಂಚಿನ ಧೂಳನ್ನು ಕೈಯಿಂದ ಒರೆಸಿ ಅವಳನ್ನು ಕೂಡಿಸಿ, ಬೇಡವೆಂದರೂ ಚಹಾ ತರಿಸಿದ. “ನಾಳೆ ಬರೋ ಸಾಹೇಬರಿಗೆ ಪುಸ್ತಕದಾಗಿನ ಹೆಣ್ಮಗಳನ್ನ ನೋಡಬೇಕಂತ. ದಿಲ್ಲಿಯಿಂದ ಮಂತ್ರಿಗಳ ಮನಿಗೆ ಫೋನ್ ಬಂದೈತಿ. ಹೋದ ವರ್ಷ ಮಾಡಿದಂಗ ಉಡಿ ತುಂಬು, ಫೋಟೊ ಆಗಲಿ, ಅವರು ಖುಷಿಯಾಗಿ ಎರಡನೇ ಸಾಲಕ್ಕ ಸೈ ಹಾಕಿ ಹೋಗ್ಲಿ. ದುರುಗಪ್ಪನ ಕೇಸು ನನಗ ಬಿಡು.”

“ಹೆಂಗ?”

“ಗೇಟು ಮುರದದ್ದು ಅವನಲ್ಲ. ಎಮ್ಮಿ ಬಿದ್ದು ಮುರದೈತಿ. ಅವ ಅದನ್ನ ಎಬ್ಬಿಸಾಕ ಹೋಗಿ ಕೈ ಸಿಗಸಗೊಂಡಾನ. ದಸ್ತಗೀರ್‌ಸಾಬ್ ಹಂಗಂತ ಬರಕೊಡ್ತಾನ.”

“ಆ ಎಮ್ಮಿಗೆ ಜಾಮೀನು ಯಾರು ಕೊಡ್ತಾರ್ರಿ?” ಎಂದಳು ಕರೆಮ್ಮ.

ವೆಂಕೋಬ ಅವಳ ಕಡೆ ನೋಡಲಿಲ್ಲ. ಗದ್ದೆಮ್ಮ ಕೇಳಿದಳು, “ಕೈ ನಾಳಿತನಕ ಕಾಯಂಗಿಲ್ಲಣ್ಣ. ಇವತ್ತ ಆಸ್ಪತ್ರೆಗೆ ಒಯ್ಯಾಕ ಆಗತೈತೇನು?”

ವೆಂಕೋಬ ಎದ್ದು ಬೂತಿನೊಳಗೆ ಹೋದ. ಗಾಜಿನ ಹಿಂದೆ ಅವನ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಗದ್ದೆಮ್ಮನ ಚಹಾ ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ ಹೊರಗೆ ಬಂದ. “ಜೀಪು ಹೊಂಟೈತಿ. ಜತಿಗೆ ಇಬ್ಬರು ಪೊಲೀಸರು. ಸಂಜಿಗೆ ರಾಯಚೂರಾಗ ಇರ್ತಾನ.”

ಕೋರ್ಟಿನಿಂದ, ಜೈಲಿನಿಂದ, ಡಾಕ್ಟರಿಂದ ಆಗದ್ದು ಒಂದು ಫೋನಿನಿಂದ ಆಗಿತ್ತು. ಗದ್ದೆಮ್ಮನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

“ಕೈ ನೋಡ್ತಾರ. ಅಲ್ಲಿಂದ ಮನಿಗೆ ಬರೋದೋ, ವಾಪಸ್ ಜೈಲಿಗೆ ಹೋಗೋದೋ, ಅದು ನಾಳೆ ನಿನ್ನ ಮೊರದಾಗ ಐತಿ,” ಎಂದ ವೆಂಕೋಬ. “ಕೊಡದ ಸುದ್ದಿನೂ ನನಗ ಗೊತ್ತೈತಿ.”

“ಎರಡನೇ ಸಾಲ ಆತಂದ್ರ ನಮಗ ನೀರು ಬರ್ತೈತೇನಣ್ಣ?”

ವೆಂಕೋಬ ಲೋಟ ಕೆಳಗಿಟ್ಟ. “ತವರೂರ ಹೆಣ್ಮಗಳು. ನಿನಗ ಸುಳ್ಳು ಹೇಳಂಗಿಲ್ಲ. ಎರಡನೇದರಾಗ ನಿಮ್ಮೂರು ಬರಂಗಿಲ್ಲ. ಕರೇದಿನ್ನಿಗೆ ನೀರು ಮುಟ್ಟೈತಿ ಅಂತ ಬರದಾಗೈತೆಲ್ಲ. ಮುಟ್ಟಿದ ಊರಿಗೆ ಮತ್ತ್ಯಾಕ ಕೆಲಸ ಮಾಡ್ತಾರ?”

“ಮತ್ತ ನಾ ಉಡಿ ತುಂಬಿದ್ರ...”

“ಇನ್ನೊಂದು ಸಲ ಮುಟ್ಟಿದಂಗಾತು.”

ಟೆಂಪೊದಲ್ಲಿ ಊರಿಗೆ ಬರುವಾಗ ಕರೆಮ್ಮ ಪುಸ್ತಕವನ್ನು ಕೈಚೀಲದ ತಳಕ್ಕೆ ಹಾಕಿದ್ದಳು. ಅವಳ ಸ್ವಭಾವವೇ ಅಲ್ಲದ ಸಣ್ಣ ದನಿಯಲ್ಲಿ ಹೇಳಿದಳು. “ಮಾವ ಹೆಂಗೂ ರಾಯಚೂರು ಮುಟ್ಟಿರ್ತಾನ. ನಾಳೆ ಕೊಡಾನ ಹಿಡಕೊಂಡು ಕುಂದ್ರೂಣು. ಏನ್ ಮಾಡ್ಕೊಂತಾರ?”

“ಕೈಗೆ ಕಟ್ಟಿದ ಬಟ್ಟಿ ಬಿಚ್ಚೂದ್ರಾಗ ವಾಪಸ್ ಕರಕೊಂಡು ಬರ್ತಾರ.”

“ಕೊಡ ಹಿಡದು ಕುಂದ್ರಿರಿ ಅಂತ ಮಾವನ ಅಂದಾನ ಬೇ. ಉಡಿ ತುಂಬಿದ್ದು ಗೊತ್ತಾದ್ರ ನಿನ್ನ ಮಾತಾಡಸಂಗಿಲ್ಲ.”

“ಮಾತಾಡಸದಿದ್ರ ಬಿಡ್ಲಿ. ಆ ಕೈಲೆ ಉಂಡ್ರ ಸಾಕು.”

ಹೊತ್ತು ಇಳಿದಿತ್ತು. ಅಂಗಳದಲ್ಲಿ ಕೊಡಗಳ ಸಾಲು ಬೆಳಿಗ್ಗೆಗಿಂತ ಉದ್ದವಾಗಿತ್ತು. ತಾಮ್ರದವು, ಹಿತ್ತಾಳೆಯವು, ಪ್ಲಾಸ್ಟಿಕ್ಕಿನವು. ಹೆಂಗಸರು ಕಟ್ಟೆಯ ಮೇಲೆ ಕೂತು ನಾಳೆ ಯಾರು ಮುಂದೆ, ಯಾರು ಹಿಂದೆ ಎಂದು ನಗಾಡುತ್ತಿದ್ದರು. ಗದ್ದೆಮ್ಮ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಬೇವಿನ ಮರದ ಕೆಳಗೆ ಆದಪ್ಪ ಹೇಳಿದ್ದು, ದುರುಗಪ್ಪನ ಬೆರಳು, ವೆಂಕೋಬನ ಫೋನು, ಎರಡನೇ ಸಾಲ. ಒಂದನ್ನೂ ಮುಚ್ಚಿಡಲಿಲ್ಲ. ಕೊನೆಗೆ, “ನಾಲ್ಕು ಮಂದಿ ಮುತ್ತೈದೇರು ಬೇಕು. ಯಾರು ಬರ್ತೀರಿ?” ಎಂದಳು.

ಹಿಂದಿನ ಸಾಲಿನಿಂದ ಒಂದು ದನಿ ಬಂತು. “ಗಂಡನ ಕೈ ಸಲುವಾಗಿ ಊರ ಹೊಲ ಮಾರಿದಂಗಾತು.”

“ಹೌದು,” ಎಂದಳು ಗದ್ದೆಮ್ಮ.

ಗಿರಿಯಮ್ಮ ತಲೆ ಎತ್ತದೆ ನೆಲದ ಮೇಲೆ ಬೆರಳಾಡಿಸುತ್ತಿದ್ದಳು. “ಹೋದ ವರ್ಷ ನಿನ್ನ ಕೂಗು ಕೇಳಿ ನಾ ಸಸಿ ಹಚ್ಚಿದೆ,” ಎಂದಳು. “ಬಸರಿ ಮಗಳನ್ನೂ ಗದ್ದೀಗೆ ಇಳಿಸಿದೆ. ಎಲ್ಲಾ ಒಣಗಿ ಹೋತು. ಗಂಗಮ್ಮ ಬಂದಾಳ ಅಂತ ನಂಬಿದ್ದೆ.”

“ನಾನೂ ನಂಬಿದ್ದೆ ಗಿರಿಯಕ್ಕ.”

“ಈಗ ಸುಳ್ಳು ಅಂತ ಗೊತ್ತಿದ್ದೂ ಅಕೀಗೆ ಅರಿಶಿಣ ಕುಂಕುಮ ಹಾಕಬೇಕಲ್ಲ.”

ಅಷ್ಟರಲ್ಲಿ ದಸ್ತಗೀರ್‌ಸಾಬ್ ಸೈಕಲ್ ತಳ್ಳಿಕೊಂಡು ಬಂದ. ಅಂಗಳದ ಸಪ್ಪೆ ಮುಖಗಳನ್ನು ನೋಡಿ ಅಲ್ಲೇ ನಿಂತ.

“ಹೇಳಿ ಹೋಗೂಣಂತ ಬಂದ್ನೆವ್ವ. ಮ್ಯಾಲಿನ ಪಂಪು ಎಲ್ಲಾ ಬಂದ್ ಮಾಡ್ಯಾರ. ಕಂಪನಿಯವರು ಸ್ವತಾ ಬಂದು ಗೇಟು ಎತ್ಯಾರ. ಮುಂಜಾನಿಗೆ ನೀರು ನಿಮ್ಮ ತೂಬಿಗೆ ಮುಟ್ತೈತಿ. ಸಾಹೇಬರು ಕಾರು ಹತ್ತಿದ ಕೂಡ್ಲೆ ಇಳಸ್ತಾರ.” ಆಮೇಲೆ ಕರೆಮ್ಮನ ಕಡೆ ತಿರುಗಿ, “ಎಮ್ಮಿದೂ ಬರಕೊಟ್ಟೆ. ಯಾರ ಎಮ್ಮಿ ಅಂತ ಕೇಳಿದ್ರು. ಯಾರ ಹೆಸರು ಹಾಕ್ಲಿ? ಸರ್ಕಾರಿ ಎಮ್ಮಿ ಅಂತ ಬರದೆ,” ಎಂದ.

ಯಾರೂ ನಗಲಿಲ್ಲ. ಅವನೂ ನಗಿಸಲು ಹೇಳಿರಲಿಲ್ಲವೇನೋ. ಸೈಕಲ್ ತಿರುಗಿಸಿಕೊಂಡು ಹೋದ.

ಗಿರಿಯಮ್ಮ ಎದ್ದಳು. ಸಾಲಿನಿಂದ ತನ್ನ ಸೋರುವ ಕೊಡವನ್ನು ಎತ್ತಿಕೊಂಡಳು. ಮನೆಗೆ ಹೊರಟವಳು ಬಾಗಿಲ ಹತ್ತಿರ ನಿಂತು, “ಕೂಗು ಹಾಕ್ತೀಯೇನು?” ಎಂದು ಕೇಳಿದಳು.

ಗದ್ದೆಮ್ಮ ಇದನ್ನು ಟೆಂಪೊದಲ್ಲೇ ಯೋಚಿಸಿದ್ದಳು. ಉಡಿ ಫೋಟೊದಲ್ಲಿ ಕಾಣುತ್ತದೆ, ಕೂಗು ಕಾಣುವುದಿಲ್ಲ. “ಹಾಕಂಗಿಲ್ಲ. ನಗ್ತೀನಿ, ಉಡಿ ತುಂಬ್ತೀನಿ. ಕೂಗು ಹಾಕಂಗಿಲ್ಲ. ಯಾರೂ ಸಸಿ ಹಚ್ಚಬ್ಯಾಡ್ರಿ. ಇವತ್ತ ಮನಿಮನಿಗೆ ಹೋಗಿ ಹೇಳ್ತೀನಿ.”

“ಹೊಲದಾಗ ನೀರು ನಿಂತಿದ್ದು ನೋಡಿದ್ರ ಗಂಡಸರು ಕೇಳ್ತಾರೇನು?”

“ಕೇಳಂಗಿಲ್ಲ,” ಎಂದಳು ಗದ್ದೆಮ್ಮ. “ಆದ್ರೂ ಹೇಳ್ತೀನಿ.”

ಗಿರಿಯಮ್ಮ ಕೊಡವನ್ನು ಸೊಂಟದ ಇನ್ನೊಂದು ಮಗ್ಗುಲಿಗೆ ಬದಲಿಸಿದಳು. “ನಾ ಒಬ್ಬಾಕಿ ಆದೆ. ಉಳದ ಮೂರು ಮಂದೀನ ನಾ ಕರಕೊಂಡು ಬರ್ತೀನಿ. ನೀ ಯಾರ ಮನಿ ಬಾಗಲಿಗೂ ಹೋಗಿ ಬೇಡ್ಕೊಬ್ಯಾಡ.”

ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಕೊಡ ಹುಡುಕಿ ತೆಗೆದುಕೊಂಡರು. ಹಿಂದಿನ ಸಾಲಿನ ದನಿಯವಳೂ ತೆಗೆದುಕೊಂಡಳು. ಗದ್ದೆಮ್ಮನ ಮುಖ ನೋಡಲಿಲ್ಲ. ಅಂಗಳದಲ್ಲಿ ಕೊಡ ಕೂತಿದ್ದ ದುಂಡು ಗುರುತುಗಳು ಉಳಿದವು. ಕರೆಮ್ಮ ಕೇಳದೆಯೇ ಒಳಗಿನಿಂದ ಮೊರ ತಂದು ಧೂಳು ಕೊಡವತೊಡಗಿದಳು. ಅವಳು ಬಾಯಿಪಾಠ ಮಾಡಿದ್ದ ಎರಡು ಇಂಗ್ಲಿಷ್ ವಾಕ್ಯಗಳನ್ನು ಯಾರೂ ಕೇಳಲಿಲ್ಲ.

“ಎಷ್ಟೊತ್ತಿಗೆ?” ಬೀದಿಯಿಂದ ಯಾರೋ ಕೂಗಿ ಕೇಳಿದರು.

“ಹೊತ್ತು ಅದೇ, ಎಂಟಕ್ಕ,” ಎಂದಳು ಗದ್ದೆಮ್ಮ. “ಜಾಗಾನೂ ಅದೇ, ಕೊನೇ ತೂಬಿನ ಹತ್ರ. ಹಸಿರು ಸೀರಿ ಉಟ್ಕೊಂಡು ಬರ್ರಿ. ಕೊಡ ಮಾತ್ರ ಬ್ಯಾಡ.”